ಗಮ್‌ಬೂಟು ಹಾಕದ ಷಡ್ಡಕ

ಚರಂಡಿಗಿಳಿದು ಇಲಿ ಹಿಡಿಯುವ ಕೆಲಸದಲ್ಲಿ ಬೋನಣ್ಣನಿಗೆ ಇಪ್ಪತ್ತೆರಡು ವರ್ಷ. ಬೋನು ಎಲ್ಲಿಟ್ಟರೆ ಇಲಿ ಬೀಳುತ್ತದೆಂದು ಅವನಷ್ಟು ಬಲ್ಲವರಿಲ್ಲ. ಏನು ಬಂತು? ಅತ್ತೆಯ ಮನೆಯಲ್ಲಿ ಅವನಿಗೆ ಬಾಗಿಲ ಪಕ್ಕದ ಸ್ಟೂಲು, ಹೆಂಡತಿಯ ತಂಗಿಯ ಗಂಡನಿಗೆ ಫ್ಯಾನಿನ ಕೆಳಗಿನ ಕುರ್ಚಿ!

ಹೊಟ್ಟೆ ಉರಿಯದೆ ಇರುತ್ತದೆಯೇ? ಆ ಷಡ್ಡಕ ಹಿಡಿಯುವುದೂ ಇಲಿಯನ್ನೇ. ಕೆಲಸಕ್ಕೆ ಸೇರಿಸಿದವನೂ ಬೋನಣ್ಣನೇ. ಮಹರಾಯ ಹೆಂಡತಿಗೂ ಅತ್ತೆಗೂ ‘ಆಫೀಸಿನಲ್ಲಿ ಕ್ಲರ್ಕು’ ಎಂದು ಬುರುಡೆ ಬಿಟ್ಟಿದ್ದ. ತಂಗಿಯ ಸಂಸಾರ ಕೆಡಬಾರದೆಂದು ಬೋನಣ್ಣನ ಹೆಂಡತಿ ಬಾಯಿ ಬಿಡುವುದಿಲ್ಲವೆಂದು ಗಂಡನಿಂದ ಆಣೆ ಮಾಡಿಸಿಕೊಂಡಿದ್ದಳು.

ಗಮ್‌ಬೂಟನ್ನು ಅವರವರ ಮನೆಯಲ್ಲೇ ತೊಳೆದು ತರಬೇಕೆಂಬುದು ಕೆಲಸದ ನಿಯಮ. ಬೂಟು ಮನೆಗೆ ಹೋದರೆ ಗುಟ್ಟು ರಟ್ಟಾಗುತ್ತದೆಂದು ಷಡ್ಡಕ ಅದನ್ನು ಮುಟ್ಟಲೇ ಇಲ್ಲ. ಒಡೆದ ಹಿಮ್ಮಡಿ, ರಬ್ಬರ್ ಚಪ್ಪಲಿ, ಇಲಿ ಉಚ್ಚೆ ಸೇರಿದ ಚರಂಡಿ ನೀರು. ಬೋನಣ್ಣ ನೋಡಿಯೂ ನೋಡದಂತಿದ್ದ. ಅನುಭವಿಸಲಿ ಎಂದುಕೊಂಡಿದ್ದ.

ಹತ್ತು ದಿನಕ್ಕೆ ಷಡ್ಡಕ ಜ್ವರದಿಂದ ಮಲಗಿದ. ಕಣ್ಣು ಕೆಂಪಾದವು, ಮೀನಖಂಡ ಮುಟ್ಟಿದರೆ ಚೀರುತ್ತಿದ್ದ, ಆಮೇಲೆ ಮೈ ಹಳದಿಯಾಯಿತು. ಬೋನಣ್ಣ ಆಸ್ಪತ್ರೆಗೆ ಹೋದಾಗ ಅತ್ತೆ ಅಳಿಯನ ತಲೆ ಸವರುತ್ತಿದ್ದರು. ತನಗೆ ಇಲಿ ಕಚ್ಚಿ ಕೈ ಬಾತಾಗ ಈಕೆ ಇಣುಕಿಯೂ ನೋಡಿರಲಿಲ್ಲ.

“ಏನು ಕೆಲಸ ಮಾಡ್ತೀರಿ?” ಎಂದು ಡಾಕ್ಟರು ಕೇಳಿದರು.

“ಕುತ್ಕೊಂಡು ಬರೆಯೋ ಕೆಲಸ,” ಎಂದ ಷಡ್ಡಕ, ಸಾಯುವ ದನಿಯಲ್ಲಿ.

ಬೋನಣ್ಣನಿಗೆ ತಡೆಯಲಾಗಲಿಲ್ಲ. “ಯಾವ ಬರೆಯೋ ಕೆಲಸ! ಇಲಿ ಹಿಡಿಯೋನು ಇವ್ನು, ನನ್ ಹಾಗೇ! ಗಮ್‌ಬೂಟಿಲ್ದೆ ಚರಂಡಿಗಿಳೀತಾನೆ!” ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದ. ಅತ್ತೆಯ ಕೈ ಅಳಿಯನ ತಲೆಯಿಂದ ಸರಿಯಿತು. ಅದನ್ನು ಕಂಡು ಬೋನಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಡಾಕ್ಟರು ಆ ಕಡೆ ನೋಡಲೇ ಇಲ್ಲ. “ಇಲಿ ಜ್ವರ ಇರಬಹುದು. ಇದನ್ನ ಮೊದಲೇ ಹೇಳಬಾರದಾ? ಮೂತ್ರಪಿಂಡ ಕೈಕೊಡ್ತಿತ್ತು,” ಎಂದು ಗದರಿ, ರಕ್ತ ಪರೀಕ್ಷೆಗೆ ಬರೆದು ಔಷಧಿ ಬದಲಿಸಿದರು.

ವಾರದಲ್ಲಿ ಷಡ್ಡಕ ಎದ್ದು ಕೂತ. ನೋಡಲು ಬಂದ ಬೋನಣ್ಣನ ಕೈ ಹಿಡಿದುಕೊಂಡ.

“ಅಣ್ಣಾ, ನನ್ನ ಜೀವ ಉಳೀಲಿ ಅಂತ ಅತ್ತಿಗೆಗೆ ಕೊಟ್ಟ ಮಾತನ್ನೂ ಮುರಿದ್ಯಲ್ಲ. ನಿನ್ನಂಥೋರು ಯಾರಿದಾರೆ?”

ಬೋನಣ್ಣನಿಗೆ ಅವನ ಮುಖ ನೋಡಲಾಗಲಿಲ್ಲ. ಅಲ್ಲಿದ್ದ ಒಂದೇ ಕುರ್ಚಿಯನ್ನು ಅತ್ತೆ ಬೋನಣ್ಣನತ್ತ ಎಳೆದು, “ಕೂತ್ಕೊಳ್ಳಪ್ಪ,” ಎಂದರು. ಅವನು ಕೂರಲಿಲ್ಲ. ಇಷ್ಟು ಒಳ್ಳೆಯ ಮನಸ್ಸೂ ಈ ಸುಳ್ಳನಿಗೇ ಇರಬೇಕೇ ಎಂದು ಅವನ ಹೊಟ್ಟೆ ಮತ್ತೆ ಉರಿಯುತ್ತಿತ್ತು.