ಕಿಟಕಿಯಿಂದ ಕಿಟಕಿಗೆ ದಾಟಿದ ಬೀಗದ ಕೈ

ಕೊರೊನಾ ಮುಗಿದ ಮರುವರ್ಷ ಮಾದಾಪುರದಲ್ಲಿ ನಾನೊಂದು ಟೈಲರಿಂಗ್ ಅಂಗಡಿ ಇಟ್ಟೆ. ಮೊದಲ ಎರಡು ವಾರ ಯಾರೂ ಒಳಗೆ ಕಾಲಿಡಲಿಲ್ಲ. ಕೊನೆಗೆ ಬೋಣಿ ಮಾಡಿದ್ದು ಎರಡು ಹಕ್ಕಿಗಳು! ಮಾರ್ಚಿನಲ್ಲಿ ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿದ್ದಾಗ, ಬಾಲ ಕವಲಾದ ಪುಟ್ಟ ಜೋಡಿಯೊಂದು ಸೀದಾ ಒಳಗೆ ಬಂದು, ಹಸಿಮಣ್ಣು ತಂದು ತಂದು ಮೂಲೆಯ ತೊಲೆಗೆ ಗೂಡು ಮೆತ್ತಿತು. ಕವಲುತೋಕೆ ಎನ್ನುತ್ತಾರಂತೆ. ಜೋರು ಮಳೆಗೆ ಮುಂಚೆ ಮರಿಗಳ ಸಮೇತ ಎಲ್ಲಿಗೋ ಹೋಗಿಬಿಡುತ್ತವೆ, ಮರುವರ್ಷದ ಹೂಮಳೆಗೆ ತಪ್ಪದೆ ಹಾಜರು. ಅವು ಬಂದ ದಿನ ನನಗೆ ತವರಿನವರು ಬಂದಷ್ಟು ಖುಷಿ. ಬ್ಲೌಸ್ ಪೀಸುಗಳ ಮೇಲೆ ಹಿಕ್ಕೆ ಬೀಳದಿರಲೆಂದು ಗೂಡಿನ ಕೆಳಗೆ ಹಳೇ ಕೊಡೆಯೊಂದನ್ನು ತಲೆಕೆಳಗಾಗಿ ತೂಗುಹಾಕಿದ್ದೇನೆ. ನಗುವವರು ನಗಲಿ.

ಮೂರನೆಯ ವರ್ಷ ಗೂಡಿನಲ್ಲಿ ಮೂರು ಮರಿಗಳಿದ್ದವು. ಊರಿಗೆ ಹೋಗುವಾಗ ಶಟರ್ ಕೆಳಗೆ ಇಟ್ಟಿಗೆ ಕೊಟ್ಟು ಒಂದು ಗೇಣು ತೆರೆದೇ ಬಿಡುವುದು ನನ್ನ ರೂಢಿ. ಆ ದಿನ ಮೈಸೂರಿನಲ್ಲಿ ಅಮ್ಮನ ಕಣ್ಣಿನ ಆಪರೇಷನ್. ಬೆಳಿಗ್ಗೆ ಬೇಗ ಅಂಗಡಿಗೆ ಬಂದು, ಗಿರಾಕಿಯೊಬ್ಬರಿಗೆ ಬಟ್ಟೆ ಕೊಡುತ್ತಿದ್ದಾಗಲೇ ಬಸ್ಸಿನ ಹಾರ್ನ್ ಕೇಳಿತು. ಶಟರ್ ಎಳೆದು, ಬೀಗ ಹಾಕಿ ಓಡಿದೆ.

ಸುಂಟಿಕೊಪ್ಪ ದಾಟಿದ ಮೇಲೆ ಕನ್ನಡಕಕ್ಕೆಂದು ಬ್ಯಾಗಿಗೆ ಕೈಹಾಕಿದರೆ ಬೀಗದ ಕೈ ಸಿಕ್ಕಿತು. ಅವಸರದಲ್ಲಿ ಇಟ್ಟಿಗೆ ಕೊಡುವುದನ್ನೇ ಮರೆತು ಪೂರ್ತಿ ಮುಚ್ಚಿಬಿಟ್ಟಿದ್ದೆ! ದೊಡ್ಡ ಹಕ್ಕಿಗಳು ಹೊರಗೆ, ಮರಿಗಳು ಒಳಗೆ. ನಾನು ವಾಪಸಾಗುವುದು ಮರುದಿನ ಸಂಜೆ. ಅಲ್ಲಿಯವರೆಗೆ ಆ ಮರಿಗಳು ಬದುಕುವುದು ಸುಳ್ಳು. ಪಕ್ಕದ ಚಹಾ ಅಂಗಡಿಯ ಮಲಯಾಳಿ ಹಿರಿಯ ಹಂಸಾಕನಿಗೆ ಫೋನ್ ಮಾಡಿ, "ಹೇಗಾದ್ರೂ ಬೀಗ ಒಡೀರಿ" ಎಂದೆ.

"ಶಟರ್ ಒಳಗೇ ಕೂತಿರೋ ಲಾಕ್ ಅಲ್ವಾ, ಹೇಗೆ ಒಡೆಯೋದು? ಎರಡೂ ಬಂದು ಬಂದು ಶಟರಿಗೆ ಬಡೀತಾ ಉಂಟು. ನೋಡಕ್ಕಾಗಲ್ಲ" ಎಂದರು.

ಅಲ್ಲೇ ಅತ್ತುಬಿಟ್ಟೆ. ಇಳಿದು ಹಿಂತಿರುಗಿದರೆ ಅಮ್ಮ ಆಸ್ಪತ್ರೆಯಲ್ಲಿ ಒಬ್ಬಳೇ. ಕಂಡಕ್ಟರ್ ಬಂದು ಮೆಲ್ಲಗೆ, "ಯಾರಿಗೆ ಏನಾಯ್ತಕ್ಕ?" ಎಂದು ಕೇಳಿದರು. ಹಕ್ಕಿಮರಿಗೆ ಎನ್ನಲು ನಾಚಿಕೆ. ಆದರೂ ಹೇಳಿದೆ. ಹಿಂದಿನ ಸೀಟಿನಲ್ಲಿದ್ದ ಯಜಮಾನರೊಬ್ಬರು ಕಿಸಕ್ಕೆಂದು ನಕ್ಕರು. ಕಂಡಕ್ಟರ್ ನಗಲಿಲ್ಲ.

"ಬೀಗದ ಕೈ ಕೊಡಿ ಇಲ್ಲಿ. ಸೋಮವಾರಪೇಟೆ ಬಸ್ಸು ಎದುರಿಗೆ ಬರೋ ಟೈಮು" ಎಂದು ಡ್ರೈವರ್ ಹತ್ತಿರ ಹೋದರು.

ನಮ್ಮ ಕಡೆ ಔಷಧಿ, ಮರೆತ ಕನ್ನಡಕ, ಮದುವೆ ಕಾಗದ ಎಲ್ಲ ಬಸ್ಸಿನವರ ಕೈಯಲ್ಲೇ ಊರು ಸೇರುವುದು. ಹಕ್ಕಿಗಾಗಿ ಬೀಗದ ಕೈ ಹೋದದ್ದು ಅದೇ ಮೊದಲಿರಬೇಕು. ಎದುರಿನ ಬಸ್ಸು ಕಾಣುತ್ತಲೇ ಡ್ರೈವರ್ ಲೈಟ್ ಹಾಕಿ ನಿಲ್ಲಿಸಿದರು. ಬೀಗದ ಕೈ ಕಿಟಕಿಯಿಂದ ಕಿಟಕಿಗೆ ದಾಟಿತು. "ಮಾದಾಪುರ, ಹಂಸಾಕನ ಪಕ್ಕದ ಟೈಲರ್ ಅಂಗಡಿ. ಒಳಗೆ ಹಕ್ಕಿಮರಿ ಸಿಕ್ಕಾಕೊಂಡಿದಾವೆ, ಬೇಗ ಹೋಗಣ್ಣ!" ಎಂದು ನಮ್ಮ ಕಂಡಕ್ಟರ್ ಕೂಗಿದರು.

ಮುಕ್ಕಾಲು ಗಂಟೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪಿರಿಯಾಪಟ್ಟಣದ ಹತ್ತಿರ ಫೋನ್ ಬಂತು.

"ಆ ಬಸ್ಸಿನ ಕಂಡಕ್ಟರೇ ಇಳಿದು ಶಟರ್ ಎತ್ತಿದ್ರು. ಪೂರ್ತಿ ಎತ್ತೋಕೂ ಬಿಡ್ಲಿಲ್ಲ, ಅವರ ತಲೆ ಮೇಲಿಂದನೇ ಹಕ್ಕಿ ಒಳಗೆ ನುಗ್ತು! ಬಸ್ಸಿನವರೆಲ್ಲ ಕಿಟಕೀಲಿ ಬಗ್ಗಿ ನೋಡ್ತಿದ್ರು. ಮೂರು ಮರೀನೂ ಬಾಯಿ ತೆಗೀತಾ ಉಂಟು. ಅಳಬೇಡ ಮೋಳೇ" ಎಂದರು ಹಂಸಾಕ, ತಮ್ಮ ಮಲಯಾಳದಲ್ಲಿ ಮಗಳೇ ಎಂದು ಕರೆದು.

ನಾನು ಎದ್ದುನಿಂತು ಬಸ್ಸಿಗೆಲ್ಲ ಕೇಳುವಂತೆ ಹೇಳಿದೆ. ಕಿಸಕ್ಕೆಂದಿದ್ದ ಯಜಮಾನರೇ ಮೊದಲು ಚಪ್ಪಾಳೆ ತಟ್ಟಿದರು.

ಅಮ್ಮನ ಆಪರೇಷನ್ ಚೆನ್ನಾಗಿ ಆಯಿತು. ಮರಿಗಳೂ ರೆಕ್ಕೆ ಬಲಿತು ಹಾರಿದವು. ಹಿಡಿಯಷ್ಟೂ ಇಲ್ಲದ ಜೀವಗಳಿಗಾಗಿ ಎರಡು ಬಸ್ಸು ನಿಲ್ಲಿಸಿದ ಜನರ ನಡುವೆ ಬದುಕಿದ್ದೇನಲ್ಲ, ಅದೇ ನನ್ನ ಪುಣ್ಯ.

ಈಗ ಮಾರ್ಚ್ ಬಂತೆಂದರೆ ಆ ಎರಡೂ ಬಸ್ಸು ನನ್ನ ಅಂಗಡಿ ಮುಂದೆ ನಿಧಾನವಾಗುತ್ತವೆ. "ಅಕ್ಕಾ, ಬಂದ್ವಾ?" ಎಂದು ಕೇಳದೆ ಮುಂದೆ ಹೋಗುವುದಿಲ್ಲ. ಈ ವರ್ಷ ಹೂಮಳೆ ತಡವಾಗಿ, ದಿನವೂ ಇಲ್ಲವೆಂದು ತಲೆಯಾಡಿಸಿ ನನಗೇ ಹೆದರಿಕೆ ಶುರುವಾಗಿತ್ತು. ಮಳೆ ಬಿದ್ದ ಮರುದಿನ, ಅಳತೆ ಟೇಪು ಕೊರಳಲ್ಲಿರುವಂತೆಯೇ ರಸ್ತೆಗೆ ಓಡಿ "ಬಂದ್ವು!" ಎಂದು ಕೂಗಿದೆ. ಡ್ರೈವರ್ ಊರಿಗೆಲ್ಲ ಕೇಳುವಂತೆ ಹಾರ್ನ್ ಹೊಡೆದರು.