ಪಕ್ಕದ ತೋಟದ ಫಸಲು

ಇನಾಯತುಲ್ಲಾ ಸಾಬರ ಮಗಳು ಮರಿಯಂ ಚಿಕ್ಕಮಗಳೂರಿನಲ್ಲಿ ಸಂಖ್ಯಾಶಾಸ್ತ್ರದ ಪದವಿ ಮುಗಿಸಿ ಮೂಡಿಗೆರೆಗೆ ಮರಳಿದಾಗ, ಇವಳು ಮುಂದೆ ಏನಾಗುತ್ತಾಳೆಂದು ಊರಿಗೆ ಅರ್ಥವಾಗಲಿಲ್ಲ. ಟೀಚರ್ ಆಗಲಿಲ್ಲ, ಬ್ಯಾಂಕಿಗೂ ಸೇರಲಿಲ್ಲ. ಅಪ್ಪನ ಗ್ಯಾರೇಜಿಗೆ ಅಂಟಿಕೊಂಡಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳಲು ಕೂತಳು. ಅಲ್ಲಿಗೆ ಬರುವ ಹುಡುಗ ಹುಡುಗಿಯರು ಟೈಪಿಂಗ್ ಕಲಿತು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ, ಆಮೇಲೆ ಅದರ ಕೆಳಗೇ ಕೆಲಸವಿಲ್ಲದೆ ಕೂರುತ್ತಿದ್ದರು. ಅದನ್ನು ಕಂಡರೆ ಮರಿಯಂಗೆ ಮೈ ಉರಿಯುತ್ತಿತ್ತು.

“ಕೀಲಿ ಒತ್ತೋದು ಕೋತಿಗೂ ಬರುತ್ತೆ. ಅಂಕಿ ಏನು ಹೇಳ್ತಿದೆ ಅಂತ ಕೇಳಿಸ್ಕೊಳ್ಳೋದನ್ನ ಕಲೀರಿ,” ಎಂದು ರೇಗುತ್ತಿದ್ದಳು.

ಆ ಸಿಟ್ಟಿನಲ್ಲೇ ಹುಟ್ಟಿದ್ದು ‘ಕಾಳು-ಜೊಳ್ಳು’. ಜೆರಾಕ್ಸ್ ಮಾಡಿಸಿದ ಒಂದೇ ಹಾಳೆಯ ಮಾಸಪತ್ರ. ಅದರಲ್ಲಿ ಒಂದು ಪ್ರಶ್ನೆ, ಅದಕ್ಕೆ ಬೇಕಾದ ಅಂಕಿ, ಬಿಡಿಸುವ ದಾರಿ, ಕೊನೆಗೆ ಇಂಥ ಕೆಲಸ ಬಲ್ಲವರು ಎಲ್ಲೆಲ್ಲಿ ಬೇಕಾಗಿದ್ದಾರೆಂಬ ವಿಳಾಸ. ‘ಡಾಟಾ ಅನಾಲಿಸಿಸ್ ಕಲಿಯಿರಿ’ ಎಂದು ತಲೆಬರಹ ಕೊಟ್ಟಿದ್ದಳು. ಅದು ರಕ್ತ ಪರೀಕ್ಷೆಯಿರಬೇಕೆಂದು ತಿಳಿದು ಸೆಂಟರಿಗೆ ಬಂದವರೂ ಇದ್ದರು. ಪತ್ರದ ಕಟ್ಟುಗಳು ಬಸ್ಸು ಹತ್ತಿ ವಸ್ತಾರೆಗೆ, ಬಾಳೆಹೊನ್ನೂರಿಗೆ, ಕಳಸಕ್ಕೆ ಹೋದವು. ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ಹಾಳೆ ನಾಲ್ಕಾಯಿತು, ಪೇಟೆಯವರಿಗೆ ಇ-ಮೇಲಿನಲ್ಲೂ ಹೋಗತೊಡಗಿತು. ಓದುಗರಲ್ಲಿ ಒಬ್ಬ ಆಸ್ಪತ್ರೆಯಲ್ಲಿ ಔಷಧಿ ಖರ್ಚಾಗುವ ಲೆಕ್ಕ ನೋಡುವ ಕೆಲಸ ಹಿಡಿದ, ಇನ್ನೊಬ್ಬಳು ಹಾಲಿನ ಡೇರಿ ಸೇರಿದಳು.

ಹೊರನಾಡಿನ ಲಾಡ್ಜ್ ಒಂದರಲ್ಲಿ ಕೋಣೆಯ ಕೀಲಿ ಕೊಡುತ್ತಿದ್ದ ದಿವ್ಯಾ, ಆ ಓದುಗರಲ್ಲೆಲ್ಲ ಮರಿಯಂಗೆ ಅಚ್ಚುಮೆಚ್ಚು. ಯಾವ ವಾರ, ಯಾವ ಹಬ್ಬಕ್ಕೆ ಎಷ್ಟು ಕೋಣೆ ತುಂಬುತ್ತದೆಂದು ತಾನೇ ಲೆಕ್ಕ ಹಾಕಿ ಕಳುಹಿಸಿದ್ದಳು. ಅವಳ ತಾಯಿ ಮುತ್ತಮ್ಮನಿಗೆ ಕಳಸದ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಅಂಗಡಿ. ಕೀಲಿಗೊಂಚಲು ಬಿಟ್ಟು ಅಂಕಿಗಳ ನಡುವೆ ಬದುಕಬೇಕೆಂಬುದೊಂದೇ ದಿವ್ಯಾಳ ಆಸೆ.

ಅದಕ್ಕೆ ದಾರಿ ತೆರೆದದ್ದು ೨೦೦೪ರ ಮಳೆಗಾಲದ ಕೊನೆಯಲ್ಲಿ. ಚಿಕ್ಕಮಗಳೂರಿನ ಕಾಫಿ ವ್ಯಾಪಾರದ ಕಂಪನಿಯೊಂದರ ಮ್ಯಾನೇಜರ್ ದೇವರಾಜ್ ‘ಕಾಳು-ಜೊಳ್ಳು’ ಓದಿ ಫೋನ್ ಮಾಡಿದರು. ಮೂಡಿಗೆರೆ, ಕಳಸದ ಕಡೆ ಈ ಸಲ ರೋಬಸ್ಟಾ ಕಾಫಿ ಫಸಲು ಎಷ್ಟಾಗಬಹುದೆಂದು ಕೊಯ್ಲಿಗೆ ಮುಂಚೆ ಅಂದಾಜು ಮಾಡಿಕೊಡುವವರಿದ್ದರೆ ಕಾಯಂ ಕೆಲಸ ಕೊಡುತ್ತೇನೆಂದರು. ಮರಿಯಂ ದಿವ್ಯಾಳ ಹೆಸರು ಹೇಳಿದಳು. ಪತ್ರದಲ್ಲಿ ಪ್ರಶ್ನೆಯನ್ನೂ ತಾನೇ ಬರೆದು ಹಾಕಿದಳು: ‘ನಿಮ್ಮ ಸುತ್ತಲಿನ ಬೆಳೆಗಾರರನ್ನು ಕೇಳಿ. ಹೋದ ವರ್ಷಕ್ಕೆ ಹೋಲಿಸಿದರೆ ನಿಮ್ಮ ತೋಟದ ಫಸಲು ಹೇಗಿದೆ?’

ಓದುಗರು ಊರೂರು ಸುತ್ತಿ ಉತ್ತರ ತಂದರು. ದಿವ್ಯಾ ಎಲ್ಲವನ್ನೂ ಕೂಡಿಸಿ, ಭಾಗಿಸಿ, ಚಂದದ ಗ್ರಾಫ್ ಬಿಡಿಸಿದಳು. ಫಸಲು ಅರ್ಧಕ್ಕರ್ಧ ಇಲ್ಲ! ಇಬ್ಬರೂ ಅದನ್ನು ಹಿಡಿದು ಚಿಕ್ಕಮಗಳೂರಿಗೆ ಹೋದರು.

ದೇವರಾಜ್ ಹಾಳೆ ನೋಡಿ ನಕ್ಕುಬಿಟ್ಟರು. “ಗೋಣಿಚೀಲದವ್ರಿಗೆ ಈ ಸಲ ಹೋದ ವರ್ಷಕ್ಕಿಂತ ಜಾಸ್ತಿ ಆರ್ಡರ್ ಬಂದಿದೆ ಕಣಮ್ಮ. ಫಸಲೇ ಇಲ್ದಿದ್ರೆ ಚೀಲಕ್ಕೆ ಏನು ತುಂಬ್ತಾರೆ, ಗಾಳಿನಾ? ಪತ್ರಿಕೆ ಓದಿ ಕಲ್ತಿದ್ದು ಇಷ್ಟೇ ಅನ್ಸುತ್ತೆ. ದೀಪಾವಳಿವರೆಗೂ ಟೈಮ್ ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ಹೊರಗಿನಿಂದ ಯಾರನ್ನಾದ್ರೂ ಕರೆಸ್ಕೊಳ್ತೀನಿ.”

ಮರಿಯಂಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ವಾಪಸು ಬರುವಾಗ ಬಸ್ಸಿನಲ್ಲಿ ದಿವ್ಯಾ ಹಾಳೆ ಬಿಡಿಸಿ ಎಲ್ಲವನ್ನೂ ಮತ್ತೊಮ್ಮೆ ಕೂಡಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಅಕ್ಕಾ, ನಾನು ಕೂಡ್ಸಿದ್ದು ಸರಿ ಇತ್ತಲ್ಲ? ಮತ್ತೆ ಎಂತಕ್ಕೆ ಹೀಗಾಯ್ತು?”

ಈ ಹುಡುಗಿಯ ಕೆಲಸಕ್ಕೆ ತಾನೇ ಕಲ್ಲು ಹಾಕಿದೆನೆಂಬ ಸಂಕಟ ನಾಲ್ಕು ದಿನ ಮರಿಯಂಳನ್ನು ತಿಂದಿತು. ಇನ್ನು ಪತ್ರವನ್ನೇ ನಿಲ್ಲಿಸಿಬಿಡೋಣವೇ ಎಂದೂ ಯೋಚಿಸಿದಳು.

ಒಂದು ಬೆಳಿಗ್ಗೆ ತಿಮ್ಮಪ್ಪಗೌಡರು ಎಂಬ ಬೆಳೆಗಾರರು ಜೀಪು ರಿಪೇರಿಗೆ ತಂದರು. ಗ್ಯಾರೇಜಿನ ಮುಂದೆ ಆಗಲೇ ಜೀಪು, ಟ್ರ್ಯಾಕ್ಟರುಗಳ ಸಾಲು. ಗೌಡರಿಗೆ ಇಳಿದು ನಿಲ್ಲಲೂ ಜಾಗವಿಲ್ಲ.

“ಹೇಗಿದೆ ಸಾಬ್ರೇ ವ್ಯಾಪಾರ?”

“ಎಲ್ಲಿಯ ವ್ಯಾಪಾರ ಗೌಡ್ರೇ,” ಇನಾಯತುಲ್ಲಾ ಗ್ರೀಸು ಒರೆಸಿಕೊಳ್ಳುತ್ತಾ ನಿಟ್ಟುಸಿರುಬಿಟ್ಟರು. “ನೊಣ ಹೊಡೀತಾ ಕೂತಿದೀನಿ. ಆ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಗ್ಯಾರೇಜಿನವನಿಗೆ ನೋಡಿ, ಉಸಿರಾಡೋಕೂ ಪುರುಸೊತ್ತಿಲ್ವಂತೆ. ನಿಮ್ದು ಫಸಲು ಹೇಗೆ?”

“ಎಂತದೂ ಇಲ್ಲ ಮಾರಾಯ, ಕಾಯೆಲ್ಲ ಉದುರಿಹೋಯ್ತು. ನಮ್ಮ ಪಕ್ಕದ ತೋಟದಲ್ಲಿ ನೋಡ್ಬೇಕು, ಕೊಂಬೆ ಮುರಿಯೋ ಹಾಗೆ ಬಿಟ್ಟಿದೆ!”

ಕಿಟಕಿಯಲ್ಲಿ ಕೂತಿದ್ದ ಮರಿಯಂ ದಡಕ್ಕನೆ ಎದ್ದಳು. ಇದೇ ಮಣ್ಣಿನಲ್ಲಿ ಹುಟ್ಟಿ ಬೆಳೆದವಳು, ಇಷ್ಟು ಗೊತ್ತಾಗಲಿಲ್ಲವಲ್ಲ! ‘ನನ್ನದು ಚೆನ್ನಾಗಿದೆ’ ಎಂದು ಬಾಯಿಬಿಟ್ಟರೆ ದೃಷ್ಟಿ ತಾಗುತ್ತದೆಂದು ಹೆದರುವ ಜನ ಇವರು. ಮಗು ದುಂಡಗಿದ್ದರೆ ‘ಸೊರಗಿದೆ’ ಎನ್ನುತ್ತಾರೆ. ಇಂಥವರನ್ನು ಅವರವರ ಫಸಲನ್ನೇ ಕೇಳುವುದೆಂದರೆ ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ.

ಮುಂದಿನ ‘ಕಾಳು-ಜೊಳ್ಳು’ವಿನಲ್ಲಿ ಅವಳು ಮುಚ್ಚುಮರೆಯಿಲ್ಲದೆ ಬರೆದಳು: ‘ನಮ್ಮ ಲೆಕ್ಕ ಸರಿಯಿತ್ತು, ಪ್ರಶ್ನೆ ತಪ್ಪಿತ್ತು. ಈಗ ಮತ್ತೆ ಹೋಗಿ ಕೇಳಿ: ನಿಮ್ಮ ಪಕ್ಕದ ತೋಟದ ಫಸಲು ಹೇಗಿದೆ?’

ಅಬ್ಬಾ, ಉತ್ತರಗಳು ಸುರಿದವು! ತಮ್ಮ ತೋಟದ ಬಗ್ಗೆ ಒಂದು ಒಳ್ಳೆ ಮಾತಿಗೂ ಬಾಯಿ ಬಿಡದವರು ಪಕ್ಕದವರ ತೋಟದ ಗಿಡಗಿಡವನ್ನೂ ವರ್ಣಿಸಿದರು. ಆದರೆ ಈ ಸಲ ದಿವ್ಯಾ ಜನ ಹೇಳಿದ್ದನ್ನೆಲ್ಲ ನಂಬಿ ಕೂರಲಿಲ್ಲ. ಲಾಡ್ಜಿಗೆ ರಜೆ ಹಾಕಿ, ತೋಟದ ಲೆಕ್ಕ ಬರೆಯುವ ರೈಟರುಗಳನ್ನು ಕೇಳಿಕೊಂಡು, ಕೆಲವು ತೋಟಗಳಿಗೆ ಹೋಗಿ ಗಿಡದ ಗೊಂಚಲುಗಳನ್ನೇ ಎಣಿಸಿದಳು. ಕಾಲಿಗೆ ಜಿಗಣೆ ಹತ್ತಿದರೂ ಬಿಡಲಿಲ್ಲ. ತಮ್ಮದನ್ನು ಹೇಳುವಾಗ ಜನ ಎಷ್ಟು ಇಳಿಸುತ್ತಾರೆ, ಪಕ್ಕದವರದನ್ನು ಎಷ್ಟು ಏರಿಸುತ್ತಾರೆ, ಎರಡೂ ಅವಳ ಕೈಗೆ ಸಿಕ್ಕವು. ಅದನ್ನು ಹಿಡಿದು ಉಳಿದ ಉತ್ತರಗಳನ್ನೆಲ್ಲ ತಿದ್ದಿದಳು. ಹೋದ ವರ್ಷಕ್ಕಿಂತ ಫಸಲು ಒಂದಿಷ್ಟು ಹೆಚ್ಚೇ ಎಂದು ಬಂತು.

ದೇವರಾಜ್ ಹಾಳೆಯನ್ನು ತಿರುವಿ ತಿರುವಿ ನೋಡಿದರು. ಈ ಸಲ ನಗಲಿಲ್ಲ. “ನಿಜವೋ ಸುಳ್ಳೋ ಕೊಯ್ಲು ಹೇಳ್ಲಿ. ಅಲ್ಲಿವರೆಗೂ ಬೇರೆಯವ್ರನ್ನ ತಗೊಳ್ಳಲ್ಲ,” ಎಂದಷ್ಟೇ ಹೇಳಿದರು.

ಆ ಚಳಿಗಾಲ ದಾಟುವುದು ಇಬ್ಬರಿಗೂ ಕಷ್ಟವಾಯಿತು. ರಸ್ತೆಯಲ್ಲಿ ಕಾಫಿ ಲಾರಿ ಕಂಡರೆ ಮರಿಯಂ ಪಾಠ ನಿಲ್ಲಿಸಿ ಹೊರಗೆ ಇಣುಕುತ್ತಿದ್ದಳು. ಕೊಯ್ಲು ಮುಗಿದು ಕಾಫಿ ಒಣಗಿ ಗೋದಾಮು ಸೇರಿದ ಮೇಲೆ ದೇವರಾಜ್ ಫೋನ್ ಮಾಡಿದರು. ಅಂದಾಜಿಗೂ ಬಂದದ್ದಕ್ಕೂ ಹೆಚ್ಚು ಅಂತರವಿರಲಿಲ್ಲ. “ಒಂದನೇ ತಾರೀಖಿನಿಂದ ಬರೋಕೆ ಹೇಳಿ ಆ ಹುಡುಗಿಗೆ. ಹಾಗೇ ನಿಮ್ಮ ಪತ್ರಿಕೆ ನಮ್ಮ ಆಫೀಸಿಗೂ ಕಳ್ಸಿ.”

ದಿವ್ಯಾ ಕೆಲಸಕ್ಕೆ ಸೇರಿದ ಮೇಲೊಂದು ದಿನ ಮರಿಯಂ ಹೊಸ ಓದುಗರನ್ನು ನೋಡಲು ಕಳಸಕ್ಕೆ ಹೋದಳು. ಬಸ್ ಸ್ಟ್ಯಾಂಡಿನಲ್ಲಿ ಹಣ್ಣು ಕೊಳ್ಳುತ್ತಿದ್ದ ಹೆಂಗಸೊಬ್ಬಳು ಮುತ್ತಮ್ಮನನ್ನು ಕೇಳುತ್ತಿದ್ದಳು: “ಮಗಳಿಗೆ ಒಳ್ಳೆ ಕೆಲ್ಸ ಸಿಕ್ತಂತಲ್ಲ?”

“ಎಂತ ಒಳ್ಳೇದು ಮಾರಾಯ್ತಿ,” ಮುತ್ತಮ್ಮ ಮುಖ ಸಣ್ಣ ಮಾಡಿದಳು. “ಏನೋ ಕೂಡೋದು, ಕಳಿಯೋದು. ಬಸ್ ಚಾರ್ಜಿಗೆ ಸಾಕಾದ್ರೆ ಹೆಚ್ಚು.”

“ಸುಮ್ನಿರಿ ಮುತ್ತಮ್ಮ!” ಪಕ್ಕದ ಹೂವಿನಂಗಡಿಯ ವಿಮಲಮ್ಮ ಬಾಯಿ ಹಾಕಿದಳು. “ಇಡೀ ಕಂಪನಿನೇ ಅವಳು ಹೇಳ್ದ ಹಾಗೆ ಕೇಳ್ತದಂತೆ. ಕರ್ಕೊಂಡು ಹೋಗೋಕೆ ಕಾರು ಬರ್ತದಂತೆ!”

ಮರಿಯಂಗೆ ನಗು ತಡೆಯಲಾಗಲಿಲ್ಲ. ಅವಳನ್ನು ಕಂಡ ಮುತ್ತಮ್ಮ ಗಡಿಬಿಡಿಯಿಂದ ಎದ್ದು, ಕೈ ಹಿಡಿದು ಅಂಗಡಿಯ ಹಿಂದಕ್ಕೆ ಎಳೆದುಕೊಂಡು ಹೋದಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಕಿವಿಯ ಹತ್ತಿರ ಬಾಯಿ ತಂದಳು.

“ತುಂಬಾ ಚೆನ್ನಾಗಿದಾಳೆ ಕಣಮ್ಮ ನನ್ನ ಮಗಳು. ಅವಳನ್ನ ಇಷ್ಟು ಸಂತೋಷವಾಗಿ ನಾನು ಯಾವತ್ತೂ ನೋಡಿರ್ಲಿಲ್ಲ.”

ಹೇಳಿ, ಕಣ್ಣೊರೆಸಿಕೊಂಡು, ಮತ್ತೆ ಮುಖ ಸಣ್ಣ ಮಾಡಿಕೊಂಡು ಗಿರಾಕಿಯ ಕಡೆ ಹೋದಳು.