ಅತ್ತೆ ಹೊಲಿದ ಧಾರೆ ರವಿಕೆ

ಮೊಮ್ಮಗಳ ಧಾರೆ ರವಿಕೆ ಹೊಲಿಯೋಣವೆಂದು ಇವತ್ತು ಮಿಷನ್ನಿಗೆ ಎಣ್ಣೆ ಬಿಟ್ಟೆ. ಆ ವಾಸನೆಗೆ ಪಾಳ್ಯದ ಮನೆಯಲ್ಲಿದ್ದ ಅತ್ತೆ ನೆನಪಾದಳು.

ಅವಳು ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಇದೇ ಮಿಷನ್ ಹೊತ್ತು ತವರಿಗೆ ಬಂದವಳು. ಅಜ್ಜಿ ಕಲಿಸಿದ್ದ ಹೊಲಿಗೆಯನ್ನು ಅವಳು ನನಗೆ ಕಲಿಸಿದಳು. ಊರ ಹೆಂಗಸರ ರವಿಕೆಗಳೆಲ್ಲ ಅವಳ ಕೈಯವೇ. ಆದರೂ ನನ್ನ ಅಕ್ಕನ ಧಾರೆ ರವಿಕೆಯನ್ನು ಅಪ್ಪ ಆಲೂರಿನ ದರ್ಜಿಗೆ ಕೊಟ್ಟ. ಗಂಡನಿಲ್ಲದವಳ ಕೈ ಅದಕ್ಕೆ ತಾಗಬಾರದಂತೆ.

ಮದುವೆಯ ಬೆಳಿಗ್ಗೆ ಅದರ ತೋಳು ಅಕ್ಕನ ಮೊಣಕೈ ದಾಟಲಿಲ್ಲ. ಅಮ್ಮ ಹಿಂದಿನ ಕೋಣೆಗೆ ಓಡಿದಳು. "ಬಿರ್‍ರನೆ ಬಿಚ್ಚಿ ಹೊಲ್ದ್ ಕೊಡಿ ಅತ್ಗೆ, ಯಾರ್ಗೂ ಗೊತ್ತಾಗಾದ್ ಬ್ಯಾಡ."

ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದಂತೆ ಅತ್ತೆ ತೋಳು ಸಡಿಲಿಸಿ ಹೊಲಿದುಕೊಟ್ಟಳು.

ಗಂಡಿನ ತಾಯಿ ನನ್ನನ್ನು ಹತ್ತಿರ ಕರೆದು, "ನಿಮ್ಮಕ್ಕನ ರವಿಕೆ ಚೆಂದಾಗೈತೆ ಕಣವ್ವ, ಯಾರ್ ಹೊಲ್ದಿದ್ದು?" ಎಂದಳು.

"ನಮ್ಮತ್ತೆ!" ಎಂದೆ, ಹೆಮ್ಮೆಯಿಂದ.

ಅಪಶಕುನವೆಂದು ಅವರ ಕಡೆಯವರು ಹಾರಾಡಿದರು. ಅಕ್ಕ ಯಾರದೋ ಹಳೇ ರವಿಕೆ ತೊಟ್ಟು ಧಾರೆಗೆ ಕೂತಳು.

"ಮುಟ್‌ಬ್ಯಾಡ ಅಂದಿರ್ಲಿಲ್ವೇನಕ್ಕಾ?" ಎಂದು ಅಪ್ಪ ಎಲ್ಲರೆದುರು ಅತ್ತೆಯ ಮೇಲೆ ಕೂಗಾಡಿದ. ಕೈಮುಗಿದು ಹೊಲಿಸಿಕೊಂಡಿದ್ದ ಅಮ್ಮ ತುಟಿ ಬಿಚ್ಚಲಿಲ್ಲ. ಅತ್ತೆಯೂ ಅವಳ ಹೆಸರು ಹೇಳಲಿಲ್ಲ. ಮತ್ತೆಂದೂ ಮಿಷನ್ ಮುಂದೆ ಕೂರಲೂ ಇಲ್ಲ.

ನನ್ನ ಗಂಡ ತೀರಿಕೊಂಡು ಎರಡು ವರ್ಷ. ಎಣ್ಣೆ ಒರೆಸುತ್ತಿದ್ದಾಗ ಮಗಳು ಬಂದು ನಿಂತಳು. "ಅಮ್ಮ, ಬೇರೆ ರವಿಕೆಗಳನ್ನೆಲ್ಲ ನೀನೇ ಹೊಲಿ. ಧಾರೇದು ಮಾತ್ರ ಟೈಲರ್‌ಗೆ ಕೊಡ್ತೀನಿ. ಬೀಗರು ಏನಾದ್ರೂ ಅಂದ್ಕೋತಾರೆ."

"ಕೊಡು," ಎಂದೆ. "ತೋಳು ಬಿಗಿಯಾದ್ರೆ ನನ್ನ ಹತ್ರ ತರಬೇಡ."